ಸಸಿ ಬಾಡುತ್ತಿದೆಯೇ? ಔಷಧಿಗೆ ಮೊದಲು ಬುಡ ನೋಡಿ

ಫ್ಲ್ಯಾಟಿನ ಒಳಗೇ ಟೊಮೆಟೊ, ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಸಸಿ ಮಾಡಿಕೊಳ್ಳುವವರು ಬೆಂಗಳೂರಿನಲ್ಲಿ ಈಗ ಬೇಕಾದಷ್ಟು ಜನ. ಬಾಲ್ಕನಿಯಲ್ಲಿ ಪಾರಿವಾಳದ ಕಾಟ. ಬಿಸಿಲೋ, ಎದುರು ಕಟ್ಟಡ ದಾಟಿ ಬರುವುದೇ ಇಲ್ಲ. ಹಾಗಾಗಿ ಹಾಲ್‌ನ ಮೂಲೆಯಲ್ಲೊಂದು ಸ್ಟ್ಯಾಂಡು, ಅದರ ಮೇಲೆ ಪ್ರೋಟ್ರೇ (ಸಸಿಗೆಂದೇ ಸಣ್ಣ ಗುಣಿಗಳಿರುವ ಟ್ರೇ), ಮೇಲೊಂದು ಎಲ್‌ಇಡಿ ಟ್ಯೂಬು. ಬೀಜ ಮೊಳೆಯುವ ತನಕ ಎಲ್ಲವೂ ಸರಿ. ಆಮೇಲೆ ಒಂದೊಂದೇ ಸಸಿ ಮಲಗಲು ಶುರು. ಫೋಟೊ ತೆಗೆದು ಕೈತೋಟದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಐದು ಜನ ಐದು ಔಷಧಿ ಹೇಳುತ್ತಾರೆ. ಒಬ್ಬರದು ಎಪ್ಸಮ್ ಸಾಲ್ಟ್, ಒಬ್ಬರದು ಬೇವಿನ ಎಣ್ಣೆ, ಇನ್ನೊಬ್ಬರದು ಹುಳಿ ಮಜ್ಜಿಗೆ.

ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಮನೆಯೊಳಗಿನ ಸಸಿ ಕೆಡುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ, ಇಲ್ಲವೇ ಬೆಳಕು ಸಾಲದೆ. ರೋಗ ಬಂದರೂ ಅದಕ್ಕೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಇವೆರಡೇ. ಅದಕ್ಕೇ ಪರೀಕ್ಷೆಗೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ನೀರು, ಬುಡ, ಬೇರು. ಆಮೇಲೆ ಬೆಳಕು. ನಂತರ ಎಲೆಯ ಬಣ್ಣ, ಹುಳ. ಗೊಬ್ಬರದ ಮಾತು ಕಟ್ಟಕಡೆಗೆ.

ಟ್ರೇ ಎತ್ತಿ ನೋಡಿ

ಸಸಿ ಮಾಡಲು ಟ್ರೇಗೆ ತುಂಬುವ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೋಸ ಮಾಡುತ್ತದೆ. ಮೇಲೆ ಒಣಗಿ ತಿಳಿ ಕಂದು ಬಣ್ಣಕ್ಕೆ ಬಂದಿರುತ್ತದೆ, ಬೆರಳಿಟ್ಟು ಒತ್ತಿದರೆ ಅರ್ಧ ಇಂಚು ಕೆಳಗೆ ನೀರು ಜಿನುಗುತ್ತದೆ. ಮೇಲಿನ ಬಣ್ಣ ನೋಡಿ ದಿನಾ ಬೆಳಿಗ್ಗೆ ನೀರು ಹಾಕುವವರ ಸಸಿ ಕೊಳೆಯುವುದು ಇದಕ್ಕೇ. ನೀರು ಹಾಕಿ ಬಸಿದ ಮೇಲೆ ಟ್ರೇಯನ್ನು ಒಮ್ಮೆ ಕೈಯಲ್ಲಿ ಎತ್ತಿ ತೂಕ ನೋಡಿಕೊಳ್ಳಿ. ಮುಂದಿನ ಸಲ ಎತ್ತಿದಾಗ ಚೆನ್ನಾಗಿ ಹಗುರ ಅನ್ನಿಸಿದರೆ ಮಾತ್ರ ನೀರು.

ನೀರು ಕಡಿಮೆಯಾದ ಸಸಿಯೂ ಜೋಲುತ್ತದೆ, ಜಾಸ್ತಿಯಾದದ್ದೂ ಜೋಲುತ್ತದೆ. ನೋಡಲು ಎರಡೂ ಒಂದೇ ಥರ. ಟ್ರೇ ಭಾರವಾಗಿದ್ದೂ ಎಲೆ ಜೋತಿದ್ದರೆ ಬೇರಿಗೆ ಗಾಳಿ ಸಿಗುತ್ತಿಲ್ಲ ಎಂದು ಲೆಕ್ಕ. ಆಗ ಇನ್ನೊಂದು ಲೋಟ ನೀರು ಸುರಿಯುವುದು ಬೇಡ, ಸುಮ್ನೆ ಒಣಗಲು ಬಿಡಿ. ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದ್ದರೆ ಅದೂ ನೀರು ಜಾಸ್ತಿಯಾದ ಗುರುತೇ.

ಸ್ಪ್ರೇ ಬಾಟಲಿಯಲ್ಲಿ ಎಲೆ ತೋಯಿಸುವುದಕ್ಕಿಂತ ಕೆಳಗಿನಿಂದ ನೀರು ಕೊಡುವುದು ಒಳ್ಳೆಯದು. ಅಗಲವಾದ ತಟ್ಟೆಯಲ್ಲಿ ಒಂದು ಇಂಚು ನೀರು ಹಾಕಿ ಟ್ರೇಯನ್ನು 10ರಿಂದ 15 ನಿಮಿಷ ಇಡಿ. ತೂತುಗಳಿಂದ ಎಷ್ಟು ಬೇಕೋ ಅಷ್ಟು ಎಳೆದುಕೊಳ್ಳುತ್ತದೆ. ಆಮೇಲೆ ತೆಗೆದು ಬಸಿಯಲು ಬಿಡಿ. ಟ್ರೇ ಆ ನೀರಿನಲ್ಲೇ ರಾತ್ರಿಯಿಡೀ ನಿಲ್ಲಬಾರದು.

ಬುಡಕ್ಕೆ ಟಾರ್ಚ್ ಬಿಡಿ

ಮೊಬೈಲ್ ಟಾರ್ಚ್ ಹಚ್ಚಿ, ಸಸಿಯ ಕಾಂಡ ಮಣ್ಣಿಗೆ ತಾಗುವ ಜಾಗವನ್ನು ಪಕ್ಕದಿಂದ ನೋಡಿ. ಆರೋಗ್ಯವಾದ ಕಾಂಡ ಮೇಲಿನಿಂದ ಕೆಳಗಿನ ತನಕ ಒಂದೇ ದಪ್ಪ. ಕೊಳೆ ರೋಗ ತಗುಲಿದ್ದರೆ ಮಣ್ಣಿನ ಮಟ್ಟದಲ್ಲಿ ಮೊದಲು ನೀರು ಕುಡಿದ ಹಾಗೆ ಒದ್ದೆ ಮಚ್ಚೆ ಕಾಣಿಸುತ್ತದೆ. ಮಚ್ಚೆ ಕಂದಾಗುತ್ತದೆ, ಕಾಂಡ ಅಲ್ಲಿ ಹೊಲಿಗೆ ದಾರದಷ್ಟು ಸಣ್ಣಗಾಗುತ್ತದೆ, ಸಸಿ ಅಲ್ಲೇ ಮಡಚಿ ಬೀಳುತ್ತದೆ. ಮೇಲಿನ ಎರಡು ಎಲೆ ಆಗಲೂ ಹಸಿರಾಗೇ ಇರುತ್ತವೆ. ಹಾಗಾಗಿಯೇ ಎಷ್ಟೋ ಜನ ಕಡ್ಡಿ ಊರಿ ನಿಲ್ಲಿಸಲು ನೋಡುತ್ತಾರೆ.

ಬಿದ್ದದ್ದು ಏಳುವುದಿಲ್ಲ. ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ, ರೈಜೋಕ್ಟೋನಿಯಾ ಎಂಬ ಶಿಲೀಂಧ್ರ ಇವುಗಳ ಕೆಲಸ ಇದು. ಒದ್ದೆ, ಗಾಳಿಯಾಡದ ಜಾಗ, ಒತ್ತಾಗಿ ಹಾಕಿದ ಬೀಜ, ಹೋದ ಸಲದ ಹಳೇ ಮಣ್ಣು ಸಿಕ್ಕರೆ ಇವಕ್ಕೆ ಹಬ್ಬ. ಬಿದ್ದ ಸಸಿಯನ್ನು ಸುತ್ತಲಿನ ಪೀಟ್ ಸಮೇತ ತೆಗೆದು ಕಸಕ್ಕೆ ಹಾಕಿ. ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಚಿಕ್ಕ ಯುಎಸ್‌ಬಿ ಫ್ಯಾನ್ ಇದ್ದರೆ ಎಲೆ ಅಲುಗಿಯೂ ಅಲುಗದಷ್ಟು ಗಾಳಿ ಬಿಡಿ. ಮಣ್ಣಿನ ಮೇಲ್ಭಾಗ ಒಣಗಿಸಿದರೆ ಪಕ್ಕದ ಗುಣಿಗಳ ಸಸಿ ಬಹಳ ಸಲ ಉಳಿಯುತ್ತವೆ.

ಒಟ್ಲು ಬಿಡುವ ರೈತರು ಇದಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 3 ಗ್ರಾಂ ಬೆರೆಸಿ ಬುಡಕ್ಕೆ ಹಾಕುತ್ತಾರೆ. ಹಾಲ್‌ನಲ್ಲಿ ಮಕ್ಕಳು ಓಡಾಡುವ ಕಡೆ, ಇಪ್ಪತ್ತು ಸಸಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಮುಂದಿನ ಸಲ ಬಿತ್ತುವಾಗಲೇ ಕೋಕೋಪೀಟಿಗೆ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಬೆರೆಸಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ ಸಿಕ್ಕರೆ ಅದನ್ನೂ ಸಸಿ ಮಾಡುವ ಪೀಟಿಗೆ ಸೇರಿಸಬಹುದು. ಎರಡೂ ರೋಗ ಬಾರದಂತೆ ಕಾಯಲು ನೆರವಾಗುತ್ತವೆಯೇ ಹೊರತು ಬಿದ್ದ ಸಸಿಯನ್ನು ಎಬ್ಬಿಸುವುದಿಲ್ಲ. ಹಳೇ ಟ್ರೇಯನ್ನು ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಬಳಸಿ.

ಬುಡ ಸರಿಯಿದ್ದೂ ಸಸಿ ಬೆಳೆಯುತ್ತಿಲ್ಲವಾ? ಒಂದು ಸಸಿಯನ್ನು ಬಲಿ ಕೊಡಿ. ಗುಣಿಯ ತಳದಿಂದ ಒತ್ತಿ ಹೊರಗೆ ತಳ್ಳಿ ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದಾಗಿ, ಲೋಳೆಯಾಗಿ, ಎಳೆದರೆ ಸಿಪ್ಪೆ ಜಾರಿ ಬಂದರೆ ಬೇರು ಕೊಳೆತಿದೆ. ಪೀಟಿನ ಹೊರಗೆಲ್ಲ ಬೇರು ಸುತ್ತಿಕೊಂಡಿದ್ದರೆ ಜಾಗ ಸಾಲದೆ ನಿಂತಿದೆ ಎಂದರ್ಥ, ದೊಡ್ಡ ಕುಂಡಕ್ಕೆ ಬದಲಾಯಿಸಿ.

ಉದ್ದ ಬೆಳೆದರೆ ಬೆಳಕಿಗೆ ಬರ

ಸಸಿ ಬಿಳಿಚಿಕೊಂಡು, ಎಲೆಗಿಂತ ಕಾಂಡವೇ ಜಾಸ್ತಿಯಾಗಿ, ಕಿಟಕಿಯ ಕಡೆ ವಾಲಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆ ಗಿಡಕ್ಕೆ ಕತ್ತಲೆಯೇ. ದುಬಾರಿ ಗ್ರೋ ಲೈಟೇ ಆಗಬೇಕಂತಿಲ್ಲ. ಸಾಧಾರಣ 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್ ಸಸಿಯ ತುದಿಯಿಂದ 4ರಿಂದ 6 ಇಂಚು ಮೇಲಿರಲಿ, ಒಂದಕ್ಕೆ ಎರಡು ಹಾಕಿದರೆ ಇನ್ನೂ ಒಳ್ಳೆಯದು. ದಿನಕ್ಕೆ 14 ಗಂಟೆ ಉರಿಯಲಿ, ರಾತ್ರಿ ಆರಿಸಿ. ಸಸಿ ಬೆಳೆದಂತೆ ಟ್ಯೂಬನ್ನೂ ಏರಿಸುತ್ತಾ ಹೋಗಿ. ಗೋಡೆಯ ಮೇಲೆ ಆರಡಿ ಎತ್ತರದಲ್ಲಿರುವ ಟ್ಯೂಬ್‌ಲೈಟ್ ಲೆಕ್ಕಕ್ಕೆ ಬರುವುದಿಲ್ಲ. ಶಕ್ತಿಶಾಲಿ ಗ್ರೋ ಲೈಟ್ ಇಟ್ಟವರಿಗೆ ಮಾತ್ರ ಉಲ್ಟಾ ಸಮಸ್ಯೆ. ತೀರಾ ಹತ್ತಿರವಾದರೆ ಮೇಲಿನ ಎಲೆ ಬಿಳಿಚುತ್ತದೆ, ಅಂಚು ಮಡಚುತ್ತದೆ. ಆಗ ಒಂದಡಿ ಮೇಲಕ್ಕೆತ್ತಿ.

ಉದ್ದವಾಗಿ ಹೋದ ಟೊಮೆಟೊ ಸಸಿಯನ್ನು ಉಳಿಸಬಹುದು. ಬೀಜದೆಲೆಯ (ಮೊಳೆತಾಗ ಮೊದಲು ಬರುವ ಎರಡು ಎಲೆ) ಮಟ್ಟದ ತನಕ ಆಳವಾಗಿ ನೆಟ್ಟರೆ ಹೂತ ಕಾಂಡದಿಂದಲೇ ಹೊಸ ಬೇರು ಬಿಡುತ್ತದೆ. ಮೆಣಸಿನ ಸಸಿ ಇಷ್ಟು ಧಾರಾಳ ತೋರಿಸುವುದಿಲ್ಲ.

ಹಳದಿ ಎಲ್ಲಿಂದ ಶುರುವಾಯಿತು?

ಎಲೆ ಹಳದಿಯಾಗಿದೆ ಅಂದರೆ ಏನೂ ಹೇಳಿದಂತಲ್ಲ. ಯಾವ ಎಲೆ ಅನ್ನುವುದು ಮುಖ್ಯ. ತೀರಾ ಕೆಳಗಿನ ಬೀಜದೆಲೆ ಎರಡು, ಮೇಲೆ ನಾಲ್ಕಾರು ಎಲೆ ಬಂದ ಮೇಲೆ ಹಳದಿಯಾಗಿ ಉದುರುವುದು ಸಹಜ. ಕೆಳಗಿನ ಎಲೆಗಳಿಂದ ಶುರುವಾಗಿ ಇಡೀ ಸಸಿ ಪೇಲವವಾದರೆ ಸಾರಜನಕ ಸಾಲದು. ಹೊಸ ಎಲೆಯೇ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಗೊಬ್ಬರದಲ್ಲಿ ಕಬ್ಬಿಣ ಇದ್ದರೂ ನೀರು ಕ್ಷಾರವಾಗಿದ್ದರೆ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ.

ಇಲ್ಲಿಗೆ ಬಂದಾಗ ನಿಮ್ಮ ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ಕೇಳಿಕೊಳ್ಳಬೇಕು. ಕಾವೇರಿ ನೀರಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಬೋರ್‌ವೆಲ್ ಗಡಸು ನೀರಾದರೆ ಪೀಟಿನ ಮೇಲೆ ಬಿಳಿ ಉಪ್ಪಿನ ಪುಡಿ ಕಟ್ಟುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ದಾಟಿ ಬಂದ ನೀರು ಸಸಿಗೆ ಇನ್ನೂ ಕೆಟ್ಟದ್ದು. ಅದರಲ್ಲಿ ಸುಣ್ಣದ ಅಂಶ ತೆಗೆದು ಬದಲಿಗೆ ಸೋಡಿಯಂ ಸೇರಿಸಿರುತ್ತಾರೆ. ಆರ್‌ಒ ಯಂತ್ರದ ವೇಸ್ಟ್ ನೀರನ್ನು ಹಾಳು ಮಾಡಬಾರದು ಅಂತ ಗಿಡಕ್ಕೆ ಹಾಕುವವರಿದ್ದಾರೆ. ಉಪ್ಪೆಲ್ಲ ಗಟ್ಟಿಯಾಗಿ ಉಳಿದಿರುವುದು ಅದರಲ್ಲೇ, ಅದನ್ನು ನೆಲ ಒರೆಸಲು ಬಳಸಿ. ಸಸಿಗೆ ಮಳೆ ನೀರು ಹಿಡಿದಿಟ್ಟರೆ ಉತ್ತಮ. ಇಲ್ಲದಿದ್ದರೆ ಆರ್‌ಒ ಕುಡಿಯುವ ನೀರಿಗೆ ನಲ್ಲಿ ನೀರು ಅರ್ಧ ಬೆರೆಸಿ ಹಾಕಿ. ಇಪ್ಪತ್ತು ಸಸಿಗೆ ಎಷ್ಟು ನೀರು ಬೇಕು, ಅಲ್ವಾ?

ಕೋಕೋಪೀಟಿನಲ್ಲೂ ಉಪ್ಪು ಇರುತ್ತದೆ. ಇಟ್ಟಿಗೆಯಂತೆ ಒತ್ತಿ ಮಾರುವ ಅಗ್ಗದ ಪೀಟನ್ನು ನೆನೆಸಿ, ಹಿಂಡಿ, ನೀರು ಚೆಲ್ಲಿ, ಹಿಂಡಿದ ನೀರಿನ ಬಣ್ಣ ತಿಳಿಯಾಗುವ ತನಕ ತೊಳೆಯಬೇಕು. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಕೆಲಸ ಸುಲಭ. ಹಿಂಡಿದ ನೀರಿನ ಲೆಕ್ಕ ಹಾಕಿದ ನೀರಿನ ಲೆಕ್ಕಕ್ಕೆ ಹತ್ತಿರ ಬಂದರೆ ಸಾಕು.

ಡಿಸೆಂಬರ್, ಜನವರಿಯಲ್ಲಿ ಟೊಮೆಟೊ ಎಲೆಯ ಅಡಿಭಾಗ ನೇರಳೆಯಾದರೆ ರಂಜಕ ಕಡಿಮೆ ಎಂದು ಗೊಬ್ಬರ ತರಲು ಓಡಬೇಡಿ. ಬೇರು ತಣ್ಣಗಿದ್ದರೆ ಇದ್ದ ರಂಜಕವನ್ನೂ ಎಳೆದುಕೊಳ್ಳುವುದಿಲ್ಲ. ಗ್ರಾನೈಟ್ ಕಟ್ಟೆಯ ಮೇಲಿರುವ ಟ್ರೇ ಅಡಿಗೆ ಥರ್ಮಾಕೋಲ್ ಹಲಗೆ ಇಡಿ. ಒಂದೆರಡು ವಾರದಲ್ಲಿ ಬರುವ ಹೊಸ ಎಲೆ ಹಸಿರಾಗಿರುತ್ತದೆ.

ಹುಳದ ವಿಚಾರ

ಟ್ರೇ ಅಲುಗಿಸಿದರೆ ಚಿಕ್ಕ ಕಪ್ಪು ನೊಣ ಏಳುತ್ತವಾ? ಹಾರುವುದರಿಂದ ಅಷ್ಟು ತೊಂದರೆಯಿಲ್ಲ, ಪೀಟಿನೊಳಗಿನ ಅದರ ಮರಿಹುಳು ಎಳೆ ಬೇರು ತಿನ್ನುತ್ತದೆ. ಅನುಮಾನವಿದ್ದರೆ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಪೀಟಿನ ಮೇಲೆ ಎರಡು ದಿನ ಇಟ್ಟು ಮಗುಚಿ ನೋಡಿ. ಕಪ್ಪು ತಲೆಯ ಬಿಳಿ ಹುಳು ಅಂಟಿಕೊಂಡಿರುತ್ತವೆ. ಹಳದಿ ಅಂಟು ಕಾರ್ಡ್ ನೆಡಿ, ಪೀಟಿನ ಮೇಲ್ಭಾಗ ಒಣಗಿಸಿ. ಇಲ್ಲೂ ಔಷಧಿ ಅಂದರೆ ನೀರು ಕಡಿಮೆ ಮಾಡುವುದೇ.

ಮೆಣಸಿನ ಎಲೆ ಮುದುಡಿದರೆ ಯಾವ ಕಡೆ ಅಂತ ನೋಡಿ. ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳ, ಕೆಳಕ್ಕೆ ಬಾಗಿದ್ದರೆ ಮೈಟ್ಸ್ ನುಸಿ ಇರಬಹುದು. ಎಲೆಯಡಿಗೆ ಬಿಳಿ ಹಾಳೆ ಹಿಡಿದು ಕೊಡವಿ, ಬಿದ್ದ ಚುಕ್ಕೆ ಓಡಾಡಿದರೆ ಉತ್ತರ ಸಿಕ್ಕಿತು. ಲೀಟರ್ ನೀರಿಗೆ 2 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು ಸೇರಿಸಿ ಲೈಟ್ ಆರಿಸಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿ. ಮೊದಲು ಒಂದೇ ಸಸಿಗೆ ಹಾಕಿ ಒಂದು ದಿನ ಕಾಯಿರಿ, ಎಳೆ ಎಲೆ ಸುಡುವುದುಂಟು. ಎಲೆ ಮೇಲೆ ಬಿಳಿ ಗೆರೆ ಸುತ್ತಾಡಿದ್ದರೆ ರಂಗೋಲಿ ಹುಳು, ಆ ಎಲೆ ಕಿತ್ತರೆ ಮುಗಿಯಿತು. ಬಿಳಿ ನೊಣ ಬಂದು ಟೊಮೆಟೊ ಸಸಿಯ ತುದಿ ಗಂಟು ಗಂಟಾಗಿ ಮುರುಟಿದ್ದರೆ ಅದು ವೈರಸ್, ಸಸಿಯನ್ನೇ ಕಿತ್ತುಹಾಕಿ.

ಗೊಬ್ಬರ ಯಾವಾಗ?

ಬೀಜದೆಲೆಯ ನಂತರ ಎರಡು ಜೋಡಿ ಎಲೆ ಬರುವ ತನಕ ಏನೂ ಬೇಡ. ಆಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಎಲೆಯ ತುದಿ ಸುಟ್ಟಂತೆ ಕಂದಾದರೆ ಜಾಸ್ತಿಯಾಗಿದೆ. ಬರೀ ಒಳ್ಳೆಯ ನೀರನ್ನು ಮೇಲಿನಿಂದ ಹಾಯಿಸಿ ತೊಳೆದು, ಎರಡು ವಾರ ಗೊಬ್ಬರ ನಿಲ್ಲಿಸಿ.

ಟೊಮೆಟೊ 25ರಿಂದ 30 ದಿನಕ್ಕೆ, ಮೆಣಸು 40ರ ಆಸುಪಾಸಿಗೆ ನಾಟಿಗೆ ಬರುತ್ತದೆ. ಟ್ಯೂಬ್ ಬೆಳಕಿನಲ್ಲಿ ಬೆಳೆದ ಸಸಿಯನ್ನು ಒಂದೇ ಸಲ ಟೆರೇಸಿನ ಬಿಸಿಲಿಗಿಟ್ಟರೆ ಮಧ್ಯಾಹ್ನದೊಳಗೆ ಎಲೆ ಬೆಳ್ಳಗೆ ಸುಡುತ್ತದೆ. ಮೊದಲ ದಿನ ಬೆಳಗಿನ ಎಳೆ ಬಿಸಿಲು ಒಂದು ಗಂಟೆ, ಮಾರನೇ ದಿನ ಎರಡು, ಹೀಗೆ ಒಂದು ವಾರ ಒಗ್ಗಿಸಿ. ನಾಟಿಯನ್ನು ಸಂಜೆ ಹೊತ್ತು ಮಾಡಿ.