ಡಿಕ್ರಿ ಹಣ ವಸೂಲಿ: ಕೋರ್ಟ್ ಸಿಬ್ಬಂದಿ ಜೊತೆ ನನ್ನ ಅನುಭವ

ಕೇಸು ಗೆದ್ದ ದಿನ ಕಕ್ಷಿದಾರರು ಸ್ವೀಟ್ ತರುತ್ತಾರೆ. ಹಣ ಮಾತ್ರ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಡಿಕ್ರಿಯನ್ನು, ಅಂದರೆ ಕೋರ್ಟಿನ ತೀರ್ಪಿನ ಆದೇಶವನ್ನು, ಜಾರಿ ಮಾಡಿಸಿ ಎಂದು ಬೇರೆಯೇ ಅಮಲ್ಜಾರಿ ಅರ್ಜಿ ಹಾಕಬೇಕು. ಹಣದ ಡಿಕ್ರಿಗೆ 12 ವರ್ಷ ಟೈಮ್ ಇದೆ ನಿಜ. ಆದರೆ ಸುಮ್ನೆ ಕೂತರೆ ಎದುರಿನವರ ಆಸ್ತಿ ಅಷ್ಟರಲ್ಲಿ ಕೈ ಬದಲಾಗಿರುತ್ತದೆ. ವಕೀಲೆಯಾಗಿ ನನಗೆ ಈ ಕೆಲಸವೇ ಜಾಸ್ತಿ. ಇದರಲ್ಲಿ ಜಡ್ಜ್ ಎದುರು ನಿಲ್ಲುವುದಕ್ಕಿಂತ ಆಫೀಸಿನ ಮೇಜಿನ ಎದುರು ನಿಲ್ಲುವುದೇ ಹೆಚ್ಚು.

ಮೊದಮೊದಲು ಆಫೀಸಿನವರು ಆಕ್ಷೇಪಣೆ ಬರೆದರೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಇಳಿದದ್ದು ಒಂದೇ ದಿನದಲ್ಲಿ. ಬಟ್ಟೆ ಹೊಲಿಯುವ ಒಬ್ಬ ಅಮ್ಮನಿಗೆ 2,40,000 ರೂಪಾಯಿ ಅಸಲು, ಅದಕ್ಕೆ ವರ್ಷಕ್ಕೆ 6% ಬಡ್ಡಿ ಬರಬೇಕಿತ್ತು. ನಾನು ಡಿಕ್ರಿಯಾದ ತಾರೀಖಿನಿಂದ ಬಡ್ಡಿ ಹಾಕಿದ್ದೆ. ಕೋರ್ಟ್ ಆಫೀಸಿನ ಹಿರಿಯ ಅಧಿಕಾರಿ ಶಿರಸ್ತೇದಾರರು ಡಿಕ್ರಿಯ ಒಂದು ಸಾಲಿನ ಕೆಳಗೆ ಪೆನ್ಸಿಲ್ ಇಟ್ಟು, "ಮೇಡಂ, ದಾವಾ ಹಾಕಿದ ದಿನದಿಂದ ಅಂತಿದೆ ನೋಡಿ" ಅಂದರು. ತಿಂಗಳಿಗೆ 1,200ರಂತೆ 27 ತಿಂಗಳು. 32,400 ರೂಪಾಯಿ ಆ ಅಮ್ಮನಿಗೆ ತಪ್ಪಿಹೋಗುತ್ತಿತ್ತು!

ಈಗ ಬಡ್ಡಿ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಬರೆದು ಲಗತ್ತಿಸುತ್ತೇನೆ. ಜಮೀನು ಜಪ್ತಿ ಕೇಳುವುದಾದರೆ ನಾಲ್ಕೂ ದಿಕ್ಕಿನ ಚಕ್ಕುಬಂದಿ, ಅಂದರೆ ಗಡಿಯ ವಿವರ, ನೋಡಿಕೊಳ್ಳುತ್ತೇನೆ. ಕಲಾಪದ ಗಡಿಬಿಡಿಯಲ್ಲಿ ಬೆಂಚ್ ಕ್ಲರ್ಕನ್ನು ಮಾತಾಡಿಸುವುದಿಲ್ಲ. ಸಂಜೆ ಹೋಗುತ್ತೇನೆ, ಕೇಸ್ ನಂಬರ್ ಚೀಟಿಯಲ್ಲಿ ಬರೆದುಕೊಂಡು. "ವಾರಂಟ್ ನಾಜರ್ ಶಾಖೆಗೆ ಹೋಯ್ತಾ ಸರ್?" ಅಂತ ಕೇಳಬಹುದು (ವಾರಂಟ್ ಅಂದರೆ ಇಲ್ಲಿ ಜಪ್ತಿ ಆದೇಶ, ಅದನ್ನು ಜಾರಿಗೆ ಕಳಿಸುವ ವಿಭಾಗ ನಾಜರ್ ಶಾಖೆ). ಯಾವ ಅರ್ಜಿ ಹಾಕಲಿ ಅಂತ ಮಾತ್ರ ಕೇಳಬಾರದು, ಅದು ನಮ್ಮ ಕೆಲಸ ಅಲ್ವಾ? ಕೈ ಬಿಸಿ ಮಾಡದೆ ಏನೂ ಆಗಲ್ಲ ಅನ್ನುವವರಿದ್ದಾರೆ. ನಾನು ಒಂದು ರೂಪಾಯಿ ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಆ ಅಮ್ಮನ ಕೇಸಿನಲ್ಲಿ ವಾರಂಟ್ ಎರಡು ಸಲ "ಮನೆಗೆ ಬೀಗ ಹಾಕಿದೆ" ಎಂಬ ಷರಾ ಹೊತ್ತು ವಾಪಸ್ ಬಂತು. ವಾರಂಟ್ ಹಿಡಿದು ಜಪ್ತಿಗೆ ಹೋಗುವ ಕೋರ್ಟ್ ಸಿಬ್ಬಂದಿ, ಅಮೀನರ ಮೇಲೆ ದೂರು ಕೊಡಿ ಎಂದರು ಕೆಲವರು. ನಾನು ಅವರ ಪಕ್ಕ ಕೂತು ಕೇಳಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಜಪ್ತಿಗೆ ಮನೆಯೊಳಗೆ ಹೋಗುವಂತಿಲ್ಲ. ಹಣ ಕೊಡಬೇಕಾದ ಆ ಮನುಷ್ಯ ನಸುಕಿಗೇ ಹೊರಟು ರಾತ್ರಿ ಬರುತ್ತಿದ್ದ. ಹೊಸ ವಾರಂಟಿಗೆ ಅವನ ಅಂಗಡಿ ವಿಳಾಸ ಕೊಟ್ಟೆವು. ಗುರುತು ತೋರಿಸಲು ಅಮ್ಮ ತಾವೇ ಜೊತೆಗೆ ಹೋದರು. ಅಮೀನರು ಫ್ರಿಜ್ಜು, ತಕ್ಕಡಿ ಪಟ್ಟಿ ಮಾಡಲು ಶುರು ಮಾಡಿದಾಗ ಅವನು ಫೋನ್ ಕೈಗೆತ್ತಿಕೊಂಡ.

ಮುಂದಿನ ತಾರೀಖಿಗೆ ಅವನೇ ಕೋರ್ಟಿಗೆ ಬಂದು ಮೊದಲ ಕಂತು ಕಟ್ಟಿದ. ಇನ್ನೂ ಎರಡು ಕಂತು ಬಾಕಿ ಇದೆ.