ಸ್ಕ್ರಿಪ್ಟಿನಿಂದ ಅಡ್ಮಿನ್ ಅಧಿಕಾರದಲ್ಲಿ ಪ್ರೋಗ್ರಾಂ ಓಡಿಸುವುದು

ಕೊಯ್ಲಿನ ಕಾಲದಲ್ಲಿ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಚೇರಿಯಲ್ಲಿ ತೂಕದ ಚೀಟಿ ಪ್ರಿಂಟ್ ಆಗದೆ ನಿಂತರೆ ಹೊರಗೆ ಗಾಡಿಗಳ ಸಾಲು ಬೆಳೆಯುತ್ತದೆ. ಕರೆಂಟ್ ಹೋಗಿ ಬಂದಾಗ ಅರ್ಧಕ್ಕೆ ನಿಂತ ಚೀಟಿ ಸ್ಪೂಲರಿನಲ್ಲಿ (ಪ್ರಿಂಟಿಗೆ ಕೊಟ್ಟದ್ದನ್ನು ಸಾಲಿನಲ್ಲಿಡುವ ವಿಂಡೋಸ್ ಸರ್ವಿಸ್) ಸಿಕ್ಕಿಕೊಂಡರೂ ಹೀಗಾಗುತ್ತದೆ. ಪರಿಹಾರ ಮೂರೇ ಸಾಲು: ಸ್ಪೂಲರ್ ಸರ್ವಿಸ್ ನಿಲ್ಲಿಸಬೇಕು, ಸಿಸ್ಟಂ32 ಒಳಗಿನ ‘ಸ್ಪೂಲ್\ಪ್ರಿಂಟರ್ಸ್’ ಫೋಲ್ಡರ್ ಖಾಲಿ ಮಾಡಬೇಕು, ಸರ್ವಿಸನ್ನು ಮತ್ತೆ ಶುರು ಮಾಡಬೇಕು. ಇದಕ್ಕೆ ಅಡ್ಮಿನ್ ಅಧಿಕಾರ ಬೇಕು. ಹಾಗೆಂದು ಬಿಲ್ಲಿಂಗಿಗೆ ಕೂರುವವರಿಗೆಲ್ಲ ಅಡ್ಮಿನ್ ಪಾಸ್‌ವರ್ಡ್ ಕೊಟ್ಟುಬಿಡಬೇಡಿ. ಅಧಿಕಾರ ಬೇಕಿರುವ ಆ ಮೂರು ಸಾಲನ್ನು ಮಾತ್ರ ಬೇರೆ ಸ್ಕ್ರಿಪ್ಟಿಗೆ ಹಾಕಿ, ಉಳಿದದ್ದು ಸಾಮಾನ್ಯ ಅಧಿಕಾರದಲ್ಲೇ ಓಡಲಿ.

ವಿಸ್ಟಾದಿಂದ ಈಚೆಗೆ, ಅಂದರೆ 2007ರಿಂದ, ವಿಂಡೋಸಿನಲ್ಲಿ ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಎಂಬ ಕಾವಲು ಇದೆ. ಅಡ್ಮಿನ್ ಖಾತೆಯಲ್ಲೇ ಲಾಗಿನ್ ಆಗಿದ್ದರೂ ನೀವು ತೆರೆಯುವ ಪ್ರೋಗ್ರಾಂಗೆ ಸಿಗುವುದು ಸಾಮಾನ್ಯ ಅಧಿಕಾರವೇ. ಓಡುತ್ತಿರುವ ಪ್ರೋಸೆಸ್ಸಿಗೆ ನಡುವೆ ಅಧಿಕಾರ ಏರಿಸಲು ಬರುವುದಿಲ್ಲ, ಹೊಸ ಪ್ರೋಸೆಸ್ಸನ್ನು ಹುಟ್ಟಿಸುವಾಗಲೇ ಕೇಳಿ ಪಡೆಯಬೇಕು. ವಿಂಡೋಸಿನ ಕಮ್ಯಾಂಡ್ ಹಾಗೂ ಸ್ಕ್ರಿಪ್ಟ್ ಸಾಧನವಾದ ಪವರ್‌ಶೆಲ್‌ನಲ್ಲಿ ಇದಕ್ಕಿರುವುದು ‘ಸ್ಟಾರ್ಟ್-ಪ್ರೋಸೆಸ್’. ಅದಕ್ಕೆ ‘-ವರ್ಬ್ ರನ್ಆ್ಯಸ್’ ಸೇರಿಸಿದರೆ ಒಪ್ಪಿಗೆ ಕೇಳುವ ಕಿಟಕಿ ಬರುತ್ತದೆ. ಕೆಲಸ ಮುಗಿಯುವ ತನಕ ಕಾಯಲು ‘-ವೇಟ್’, ಮುಗಿದ ಮೇಲೆ ಎಕ್ಸಿಟ್ ಕೋಡ್ (ಕೆಲಸ ಸರಿಯಾಯಿತೇ ಎಂದು ಹೇಳುವ ಸಂಖ್ಯೆ) ನೋಡಲು ‘-ಪಾಸ್‌ಥ್ರೂ’ ಕೂಡ ಹಾಕಿ. ಕಮ್ಯಾಂಡುಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ.

ಎಡವುವ ಜಾಗಗಳು ಹಲವು. ಅಧಿಕಾರ ಏರಿದ ಬ್ಯಾಚ್ ಫೈಲ್ ಸಾಮಾನ್ಯವಾಗಿ ಸಿಸ್ಟಂ32 ಫೋಲ್ಡರಿನಲ್ಲಿ ಕಣ್ಣು ಬಿಡುತ್ತದೆ, ಪಕ್ಕದಲ್ಲೇ ಇಟ್ಟ ಫೈಲೂ ಅದಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊದಲ ಸಾಲಿನಲ್ಲೇ ತನ್ನ ಫೋಲ್ಡರಿಗೆ ಹೋಗುವಂತೆ ‘ಸಿಡಿ /ಡಿ’ ಬರೆಯಿರಿ, ಇಲ್ಲವೇ ಎಲ್ಲೆಡೆ ಪೂರ್ತಿ ಪಾತ್ ಕೊಡಿ. ಪಾತಿನಲ್ಲಿ ಖಾಲಿ ಜಾಗವಿದ್ದರೆ ‘-ಆರ್ಗ್ಯುಮೆಂಟ್‌ಲಿಸ್ಟ್’ ತಾನಾಗಿ ಉದ್ಧರಣ ಚಿಹ್ನೆ ಹಾಕುವುದಿಲ್ಲ, ನೀವೇ ಒಳಗೆ ಸೇರಿಸಬೇಕು. ನೆಟ್‌ವರ್ಕಿನಿಂದ ಜೋಡಿಸಿಕೊಂಡ ಝಡ್ ಡ್ರೈವ್ ಅಧಿಕಾರ ಏರಿದ ಪ್ರೋಸೆಸ್ಸಿಗೆ ಕಾಣದೆ ಹೋಗುವುದು ಸಾಮಾನ್ಯ. ಡ್ರೈವ್ ಅಕ್ಷರದ ಬದಲು ಎರಡು ಬ್ಯಾಕ್‌ಸ್ಲ್ಯಾಶಿನಿಂದ ಶುರುವಾಗುವ ಸರ್ವರ್ ಪಾತ್ ಬಳಸಿ. ‘-ವರ್ಬ್’ ಜೊತೆ ಔಟ್‌ಪುಟ್ ಫೈಲಿಗೆ ತಿರುಗಿಸುವ ಆಯ್ಕೆ ನಡೆಯುವುದಿಲ್ಲ. ಲಾಗ್ ಬೇಕಿದ್ದರೆ ಒಳಗಿನ ಸ್ಕ್ರಿಪ್ಟೇ ಬರೆದುಕೊಳ್ಳಲಿ. ಸ್ಕ್ರಿಪ್ಟಿನಲ್ಲಿ ಕನ್ನಡದ ಫೋಲ್ಡರ್ ಹೆಸರಿದ್ದರೆ ಯುಟಿಎಫ್-8 ಜೊತೆಗೆ ಬಿಓಎಂ (ಅಕ್ಷರಗಳ ಎನ್‌ಕೋಡಿಂಗ್ ಯಾವುದೆಂದು ಫೈಲಿನ ಮೊದಲಲ್ಲಿ ಹೇಳುವ ಗುರುತು) ಇರುವಂತೆ ಉಳಿಸಿ. ಇಲ್ಲದಿದ್ದರೆ ಪವರ್‌ಶೆಲ್ 5.1 ಆ ಹೆಸರನ್ನು ತಪ್ಪಾಗಿ ಓದುತ್ತದೆ.

ಎರಡು ದೋಷಸಂಖ್ಯೆ ನೆನಪಿರಲಿ. 740 ಬಂದರೆ ಅಡ್ಮಿನ್ ಅಧಿಕಾರ ಬೇಕೆನ್ನುವ ಪ್ರೋಗ್ರಾಂ ಅನ್ನು ಆ ಅಧಿಕಾರ ಕೇಳದೆಯೇ ಓಡಿಸಲು ಹೋಗಿದ್ದೀರಿ. ಪೈಥಾನಿನ ‘ಸಬ್‌ಪ್ರೋಸೆಸ್’ ಬಳಸುವವರಿಗೆ ಇದು ಎದುರಾಗುತ್ತದೆ, ಅಲ್ಲಿ ‘ಶೆಲ್‌ಎಕ್ಸಿಕ್ಯೂಟ್’ ಮೂಲಕ ಹೋಗಬೇಕು. 1223 ಎಂದರೆ ಕಿಟಕಿಯಲ್ಲಿ ಯಾರೋ ‘ಇಲ್ಲ’ ಒತ್ತಿದ್ದಾರೆ. ಇದನ್ನು ‘ಟ್ರೈ-ಕ್ಯಾಚ್’ನಲ್ಲಿ ಹಿಡಿದು ಅರ್ಥವಾಗುವ ಸಂದೇಶ ತೋರಿಸಿ.

ಸ್ಕ್ರಿಪ್ಟ್ ತನ್ನನ್ನೇ ಮತ್ತೆ ಓಡಿಸಿಕೊಂಡು ಅಧಿಕಾರ ಪಡೆಯುವಂತೆ ಬರೆಯುವವರು, ಈಗಾಗಲೇ ಅಡ್ಮಿನ್ ಅಧಿಕಾರವಿದೆಯೇ ಎಂದು ಪರೀಕ್ಷಿಸುವ ಸಾಲಿಗೆ ‘ನೆಟ್ ಸೆಷನ್’ ಬಳಸಬೇಡಿ. ಆ ಕಂಪ್ಯೂಟರಿನಲ್ಲಿ ಸರ್ವರ್ ಸರ್ವಿಸ್ ನಿಂತಿದ್ದರೆ ಅಡ್ಮಿನ್ ಆಗಿದ್ದರೂ ಅದು ಸೋಲುತ್ತದೆ, ಸ್ಕ್ರಿಪ್ಟ್ ಕೊನೆಯಿಲ್ಲದೆ ತನ್ನನ್ನೇ ಕರೆದುಕೊಳ್ಳುತ್ತದೆ. ಅಡ್ಮಿನ್ ಅಧಿಕಾರವಿಲ್ಲದಿದ್ದರೆ ಸೋಲುವ ‘ಎಫ್ಎಲ್‌ಟಿಎಂಸಿ’ ಕಮ್ಯಾಂಡಿನ ಫಲಿತಾಂಶ ನೋಡುವುದು ವಾಸಿ.

ಬಿಲ್ಲಿಂಗ್ ಖಾತೆ ಸ್ಟ್ಯಾಂಡರ್ಡ್ ಆಗಿದ್ದರೆ (ಹಾಗೇ ಇರಬೇಕು) ‘ರನ್ಆ್ಯಸ್’ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟ ಮೇಲೆ ಪ್ರೋಗ್ರಾಂ ಓಡುವುದು ಆ ಅಡ್ಮಿನ್ ಹೆಸರಿನಲ್ಲಿ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಅವರದೇ. ಇದೇ ಹೆಸರಿನ ಬೇರೆ ‘ರನ್ಆ್ಯಸ್’ ಕಮ್ಯಾಂಡಿನಲ್ಲಿ ಪಾಸ್‌ವರ್ಡ್ ಉಳಿಸಿಡುವ ‘/ಸೇವ್‌ಕ್ರೆಡ್’ ಕಡೆಗಂತೂ ಹೋಗಲೇಬೇಡಿ. ಆಮೇಲೆ ಆ ಖಾತೆಯಲ್ಲಿ ಕೂತ ಯಾರು ಬೇಕಾದರೂ ಅದೇ ಪಾಸ್‌ವರ್ಡಿನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಓಡಿಸಬಹುದು.

ಇಂಥಲ್ಲಿ, ಗೊತ್ತುಮಾಡಿದ ಹೊತ್ತಿಗೆ ಪ್ರೋಗ್ರಾಂ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರೇ ಸರಿ. ಸ್ಪೂಲರ್ ಸ್ಕ್ರಿಪ್ಟನ್ನು ಸಿಸ್ಟಂ ಖಾತೆಯಲ್ಲಿ (ವಿಂಡೋಸಿನದೇ ಆದ, ಪೂರ್ತಿ ಅಧಿಕಾರವಿರುವ ಖಾತೆ), ಕಂಪ್ಯೂಟರ್ ಶುರುವಾದಾಗ ಓಡುವಂತೆ ಹಾಕಿ. ಯಾರೂ ಏನೂ ಒತ್ತಬೇಕಿಲ್ಲ. ಸಾಲಿನಲ್ಲಿದ್ದ ಚೀಟಿಗಳೆಲ್ಲ ಅಳಿಸಿಹೋಗುವುದರಿಂದ ಮತ್ತೆ ಪ್ರಿಂಟ್ ಕೊಡಬೇಕೆಂದು ಬಿಲ್ಲಿಂಗಿನವರಿಗೆ ತಿಳಿಸಿ. ಸ್ಕ್ರಿಪ್ಟ್ ಫೈಲನ್ನು ‘ಪ್ರೋಗ್ರಾಂ ಫೈಲ್ಸ್’ ಒಳಗಿಡಿ, ಅಲ್ಲಿ ಅಡ್ಮಿನ್ ಅಲ್ಲದವರು ಬರೆಯಲಾರರು. ಎಲ್ಲರೂ ತಿದ್ದಬಹುದಾದ ಫೋಲ್ಡರಿನಲ್ಲಿಟ್ಟರೆ ಕಂಪ್ಯೂಟರಿನ ಪೂರ್ತಿ ಅಧಿಕಾರವನ್ನು ಎಲ್ಲರಿಗೂ ಕೊಟ್ಟಂತೆ.

ಟಾಸ್ಕಿನ ‘ಕಂಡೀಷನ್ಸ್’ ಟ್ಯಾಬಿಗೂ ಹೋಗಿ. ಎಸಿ ಪವರ್ ಇದ್ದಾಗ ಮಾತ್ರ ಶುರುಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಎರಡು ಗುರುತುಗಳು ಮೊದಲೇ ಬಿದ್ದಿರುತ್ತವೆ. ಯುಎಸ್‌ಬಿ ತಂತಿಯಲ್ಲಿ ಜೋಡಿಸಿದ ಯುಪಿಎಸ್ ಅನ್ನು ವಿಂಡೋಸ್ ಸಾಮಾನ್ಯವಾಗಿ ಬ್ಯಾಟರಿ ಎಂದೇ ಪರಿಗಣಿಸುತ್ತದೆ. ಹಾಗಾದರೆ ಕರೆಂಟ್ ಇಲ್ಲದಾಗ ಕಂಪ್ಯೂಟರ್ ಶುರುಮಾಡಿದರೆ ಟಾಸ್ಕ್ ಓಡುವುದೇ ಇಲ್ಲ. ಎರಡೂ ಗುರುತು ತೆಗೆದು ಉಳಿಸಿ, ಮೇನ್ ಸ್ವಿಚ್ ಆರಿಸಿ ಯುಪಿಎಸ್ ಮೇಲೆ ಒಮ್ಮೆ ಪರೀಕ್ಷಿಸಿ.