ಲೂಪಸ್ ರಕ್ತ: ಮೊದಲು ಕಣ ಬೇರೆ ಮಾಡಿ, ಆಮೇಲೆ ಜೀನ್ ಅಳೆಯಿರಿ

ಲೂಪಸ್ ಇರುವವರ ರಕ್ತಕಣಗಳಲ್ಲಿ ಯಾವ ಜೀನ್ ಜಾಸ್ತಿ ಕೆಲಸ ಮಾಡುತ್ತಿದೆ ಎಂದು ನೋಡುವುದು ನನ್ನ ಕೆಲಸ. ಈ ಕಾಯಿಲೆಯಲ್ಲಿ ರಕ್ಷಣಾ ಕಣಗಳು ಸ್ವಂತ ದೇಹದ ಮೇಲೇ ತಿರುಗಿಬೀಳುತ್ತವೆ. ವೈರಸ್ ಬಂದಾಗ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಎಬ್ಬಿಸುವ ಜೀನ್‌ಗಳು ಇವರಲ್ಲಿ ವೈರಸ್ ಇಲ್ಲದೆಯೇ ಎದ್ದಿರುತ್ತವೆ ಎಂದು 2003ರಲ್ಲೇ ಅಮೆರಿಕದ ತಂಡಗಳು ತೋರಿಸಿದವು. ಐಎಫ್‌ಐ44ಎಲ್, ಎಂಎಕ್ಸ್1, ಐಎಫ್‌ಐಟಿ1 ಅಂಥವು. ನಾನು ಅಳೆಯುವುದೂ ಇವನ್ನೇ.

ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನ ರಕ್ತಕ್ಕೆ ಬಫರ್ ದ್ರಾವಣ ಬೆರೆಸಿ, ಕಣಗಳನ್ನು ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ನಿಧಾನವಾಗಿ ಇಳಿಸುತ್ತೇನೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸುತ್ತೇನೆ; ಅದರ ಬ್ರೇಕ್ ಆಫ್ ಇರಲೇಬೇಕು. ಇಲ್ಲದಿದ್ದರೆ ಪದರಗಳು ಕದಡುತ್ತವೆ. ಕೆಂಪು ಕಣ ತಳಕ್ಕೆ ಹೋಗುತ್ತದೆ, ನಡುವೆ ಕೆನೆಯಂಥ ಬಿಳಿ ಪದರ ನಿಲ್ಲುತ್ತದೆ.

ಈ ಪದರದಿಂದ ನೇರವಾಗಿ ಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ಹುಟ್ಟುವ ಅದರ ಪ್ರತಿ) ತೆಗೆಯುವವರು ಬಹಳ. ನಾನು ಹಾಗೆ ಮಾಡುವುದಿಲ್ಲ. ಲೂಪಸ್‌ನಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಕಡಿಮೆಯಾಗುತ್ತವೆ. ಆಗ ಪದರದಲ್ಲಿ ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಪಾಲು ತಾನಾಗಿ ಏರುತ್ತದೆ. ನೂರಕ್ಕೆ 10 ಇದ್ದದ್ದು 20 ಆಯಿತು ಅನ್ನಿ. ಒಂದು ಕಣವೂ ಬದಲಾಗದೆ, ಮಾನೊಸೈಟ್‌ನ ಜೀನ್ ಎರಡು ಪಟ್ಟು ಕಾಣುತ್ತದೆ! ಇನ್ನೊಂದು ತೊಡಕೂ ಇದೆ. ತಳಕ್ಕೆ ಇಳಿಯಬೇಕಾದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳಲ್ಲಿ ಕೆಲವು ಲೂಪಸ್‌ನಲ್ಲಿ ಹಗುರವಾಗಿದ್ದು, ಬಿಳಿ ಪದರದಲ್ಲೇ ಉಳಿದುಬಿಡುತ್ತವೆ. ಅದಕ್ಕೇ ಮಾನೊಸೈಟ್ ಮೈಮೇಲಿನ ಸಿಡಿ14 ಪ್ರೋಟೀನಿಗೆ ಅಂಟುವ ಕಾಂತದ ಮಣಿಗಳಿಂದ ಅವನ್ನು ಬೇರೆ ಮಾಡುತ್ತೇನೆ. ಸ್ವಲ್ಪ ಕಣಗಳನ್ನು, ಕಣಗಳ ಬಗೆ ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರಕ್ಕೆ ಕೊಟ್ಟು, ಎಷ್ಟು ಶುದ್ಧವಾಗಿವೆ ಎಂದು ನೋಡಿಕೊಳ್ಳುತ್ತೇನೆ. ಖರ್ಚು ಜಾಸ್ತಿ, ನಿಜ. ಆದರೆ ಕಾಯಿಲೆಯ ಸುಸ್ತಿನಲ್ಲೂ ರಕ್ತ ಕೊಟ್ಟವರಿಗೆ ಇಷ್ಟಾದರೂ ಮಾಡಬೇಕು ಅಲ್ವಾ?

ಜೀನ್ ಅಳೆಯುವ ಪಿಸಿಆರ್ ಪರೀಕ್ಷೆಯಲ್ಲಿ ಹೋಲಿಕೆಗೆ ಇಟ್ಟುಕೊಳ್ಳುವ, ತಾನು ಏರಿಳಿಯಬಾರದ ಜೀನ್ ಕಡೆಗೂ ಗಮನ ಬೇಕು. ಬಿ2ಎಂ ಎಂಬ ಜೀನ್ ಸುಮಾರು ಲ್ಯಾಬ್‌ಗಳಲ್ಲಿ ರೂಢಿ. ಆದರೆ ಇಂಟರ್‌ಫೆರಾನ್ ಸೋಕಿದರೆ ಅದೂ ಏರುತ್ತದೆ. ನಾನು ಎಚ್‌ಪಿಆರ್‌ಟಿ1 ಬಳಸುತ್ತೇನೆ. ಲೂಪಸ್ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಹಾಗಾಗಿ ಹೋಲಿಕೆಗೂ ಅದೇ ವಯಸ್ಸಿನ ಆರೋಗ್ಯವಂತ ಹೆಂಗಸರ ರಕ್ತವೇ ಬೇಕು.

ಸ್ಟೀರಾಯ್ಡ್ ವಿಷಯ ಕೇಳದೆ ನಾನು ಟ್ಯೂಬ್ ಮುಟ್ಟುವುದಿಲ್ಲ. ರಕ್ತನಾಳಕ್ಕೆ ದೊಡ್ಡ ಡೋಸ್ ಹೋದರೆ ಈ ಜೀನ್‌ಗಳು ಕೆಲಕಾಲ ತಣ್ಣಗಾಗುತ್ತವೆ. ಡೋಸ್‌ಗೆ ಮೊದಲೇ ರಕ್ತ ತೆಗೆಯಿರಿ ಎಂದು ವಾರ್ಡಿನವರನ್ನು ಕೇಳಿಕೊಳ್ಳುತ್ತೇನೆ.

ಇಂಟರ್‌ಫೆರಾನ್ ಬಂದು ಕೂರುವ ರಿಸೆಪ್ಟರ್ ಮುಚ್ಚುವ ಅನಿಫ್ರೋಲುಮ್ಯಾಬ್ ಎಂಬ ಲೂಪಸ್ ಔಷಧಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ ಯಾರಲ್ಲಿ ಈ ಜೀನ್‌ಗಳು ಏರಿವೆ ಎಂಬ ಪ್ರಶ್ನೆಗೆ ಈಗ ಬೆಲೆ ಬಂದಿದೆ. ಹಾಗಂತ ಈ ಅಂಕಿ ನೋಡಿ ಒಬ್ಬರಿಗೆ ಈ ತಿಂಗಳು ಕಾಯಿಲೆ ಕೆರಳಿದೆ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೂತ್ರದ ಪ್ರೋಟೀನ್, ರಕ್ತದ ಸಿ3, ಸಿ4 ಎಂಬ ರಕ್ಷಣಾ ಪ್ರೋಟೀನ್‌ಗಳ ಪರೀಕ್ಷೆಗಳೇ ವಾಸಿ.